ಕಾಗುಣಿತ ಮತ್ತು ಪ್ರಾದೇಶಿಕ ಉಚ್ಚಾರಣೆ: ಜನಪದ ಪಠ್ಯಗಳ ಲಿಪೀಕರಣದ ಹಿನ್ನೆಲೆಯಲ್ಲಿ

ಬೀರೂರಿನಿಂದ ಚಿಕ್ಕಜಾಜೂರಿನತ್ತ ಸಾಗುವ ರೈಲುಮಾರ್ಗದಲ್ಲಿ ಅಜ್ಜಂಪುರವನ್ನು ದಾಟಿದ ಮೇಲೆ ಶಿವನಿ ನಿಲ್ದಾಣ ಸಿಗುತ್ತದೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ಈ ಊರಿನ ಹೆಸರು ಇಂಗ್ಲಿಷಿನಲ್ಲಿ ಏಳು ಅಕ್ಷರಗಳಾಗುತ್ತದೆ. ಇಂಗ್ಲಿಷನ್ನಷ್ಟೇ ಓದಬಲ್ಲ ಪರಸ್ಥಳದ ಪ್ರಯಾಣಿಕರು ಅದನ್ನು 'ಶಿವಾನಿ' ಎಂದು, ಹೆಣ್ಣುಮಗುವೊಂದರ ಹೆಸರಿನಂತೆ ಉಚ್ಚರಿಸುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಹ್ರಸ್ವ ಅಕಾರಕ್ಕೂ ದೀರ್ಘ ಆಕಾರಕ್ಕೂ ಆ ಲಿಪಿಯಲ್ಲಿರುವುದು ಒಂದೇ ಅಕ್ಷರ. ಓದುವವರ ತಪ್ಪೇನೂ ಇಲ್ಲ. ಆದರೆ ಊರಿನ ಹಿರಿಯರು ಆಡುವ ಹೆಸರು ಕನ್ನಡದ ಬರೆಹದಲ್ಲಾದರೂ ಇದೆಯೇ ಎಂದು ಕೇಳಿದರೆ ಅದಕ್ಕೂ ಇಲ್ಲವೆಂದೇ ಉತ್ತರಿಸಬೇಕಾಗುತ್ತದೆ. ಅವರು ಹೇಳುವುದು 'ಸಿವ್ನಿ'. ಬರೆಹವು ಮಾತನ್ನು ಹಿಂಬಾಲಿಸಬೇಕೇ, ಹಿಂಬಾಲಿಸುವುದಾದರೆ ಯಾರ ಮಾತನ್ನು ಎಂಬ ಹಳೆಯ ಪ್ರಶ್ನೆಯನ್ನು ಜನಪದ ಪಠ್ಯಗಳನ್ನು ಬರೆದುಕೊಳ್ಳುವವನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಸರ್ಕಾರದ ಮಟ್ಟದಲ್ಲಿಯೂ ಎದ್ದುದುಂಟು. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡಕ್ಕೆ ಅನುಗುಣವಾಗಿ ಬರೆಯುವ ಕ್ರಮ ಜಾರಿಗೆ ಬಂದಿತು. ನಮ್ಮ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರು ಅವುಗಳಲ್ಲೊಂದು. ಈ ಕ್ರಮ ಯೋಗ್ಯವಾದುದೆಂಬುದರಲ್ಲಿ ಅನುಮಾನವಿಲ್ಲ. ಆದರೂ ಒಂದು ವಿನೋದವನ್ನು ಗಮನಿಸಬೇಕು. ಹಳೆಯ ಇಂಗ್ಲಿಷ್ ರೂಪದಲ್ಲಿ 'ಚಿಕ್' ಎಂದೊಡನೆ 'ಮ' ಬರುತ್ತಿತ್ತು. ಕಡೂರಿನ ಬಸ್ ನಿಲ್ದಾಣದಲ್ಲಿ ನಿರ್ವಾಹಕರು ಇಂದಿಗೂ ಕೂಗುವುದು 'ಚಿಕ್ಮಗ್ಳೂರ್' ಎಂದೇ. ಹಳೆಯ ಇಂಗ್ಲಿಷ್ ರೂಪವು ನಮ್ಮ ಬೀದಿಯ ಮಾತಿಗೆ ಹತ್ತಿರವಾಗಿತ್ತು. ಹೊಸ ರೂಪವು ನಮ್ಮ ಪುಸ್ತಕದ ಬರೆಹಕ್ಕೆ ಹತ್ತಿರವಾಗಿದೆ. ಉಚ್ಚಾರಣೆಗೆ ನಿಷ್ಠವಾಗುತ್ತಿದ್ದೇವೆಂದು ಭಾವಿಸಿ ನಾವು ನಿಷ್ಠರಾದದ್ದು ಕಾಗುಣಿತಕ್ಕೆ.

ಇಂಗ್ಲಿಷಿನವರು ಈ ಸಮಸ್ಯೆಯೊಡನೆ ಹೆಣಗಿದ ಚರಿತ್ರೆ ದೀರ್ಘವಾದುದು. 1569ರಲ್ಲಿಯೇ ಜಾನ್ ಹಾರ್ಟ್ ಧ್ವನಿಗೊಂದು ಅಕ್ಷರವಿರಬೇಕೆಂದು ಗ್ರಂಥ ಬರೆದನು. 1768ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೊಸ ಅಕ್ಷರಮಾಲೆಯೊಂದನ್ನು ರೂಪಿಸಿದನು. ಶೀಘ್ರಲಿಪಿಯ ಐಸಾಕ್ ಪಿಟ್‌ಮನ್ ಹಾಗೂ ಅಲೆಕ್ಸಾಂಡರ್ ಜಾನ್ ಎಲ್ಲಿಸ್ 1840ರ ದಶಕದಲ್ಲಿ ಧ್ವನಿಲಿಪಿಯೊಂದನ್ನು ಮುದ್ರಣಕ್ಕೆ ತಂದರು. ಇವರಲ್ಲಿ ಎಲ್ಲಿಸ್‌ನ ಕತೆ ನಮಗೆ ವಿಶೇಷವಾಗಿ ಪಾಠವಾಗುವಂಥದು. ಎಲ್ಲರಿಗೂ ಒಂದೇ ಧ್ವನಿಬರೆಹ ಸಾಧ್ಯವೆಂದು ಹೊರಟ ಆತ ಮುಂದೆ ಉಪಭಾಷೆಗಳ ಸಮೀಕ್ಷೆಗೆ ಇಳಿದು, 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಇಂಗ್ಲಿಷ್ ಮಾತಿನ ನೆಲವನ್ನು 42 ಪ್ರದೇಶಗಳಾಗಿ ವಿಂಗಡಿಸಬೇಕಾಯಿತು. ಆಡಿದಂತೆ ಬರೆಯಹೊರಟರೆ ಇಷ್ಟು ಬಗೆಯ ಇಂಗ್ಲಿಷನ್ನು ಬರೆಯಬೇಕಾಗುತ್ತಿತ್ತು. 1950ರಲ್ಲಿ ತೀರಿಕೊಂಡ ಬರ್ನಾರ್ಡ್ ಷಾ ಕನಿಷ್ಠ 40 ಅಕ್ಷರಗಳ ಹೊಸ ವರ್ಣಮಾಲೆಗಾಗಿ ತನ್ನ ಮರಣಶಾಸನದಲ್ಲಿ ಹಣವನ್ನು ಮೀಸಲಿಟ್ಟನು. ಉಚ್ಚಾರಣೆ ಯಾರದೆಂಬ ಪ್ರಶ್ನೆಗೆ ಆತ ಸೂಚಿಸಿದ ಪರಿಹಾರವೆಂದರೆ ದೊರೆ ಐದನೆಯ ಜಾರ್ಜ್‌ನ ಉಚ್ಚಾರಣೆ! ಸಮಾಜವಾದಿಯೆಂದು ಹೆಸರಾದ ಲೇಖಕನಿಗೂ ಕಡೆಗೆ ಅರಮನೆಯ ಬಾಯಿಯೇ ಬೇಕಾಯಿತು. ಆ ಲಿಪಿಯಲ್ಲಿ ಅವನ ಒಂದು ನಾಟಕವು 1962ರಲ್ಲಿ ಅಚ್ಚಾಯಿತು. ಲಿಪಿ ಬಳಕೆಗೆ ಬರಲಿಲ್ಲ. 1888ರಲ್ಲಿ ಮೊದಲ ರೂಪ ಪಡೆದ ಅಂತರರಾಷ್ಟ್ರೀಯ ಧ್ವನಿಲಿಪಿ ಮಾತ್ರ ಉಳಿದುಕೊಂಡಿತು. ಅದು ದಿನನಿತ್ಯದ ಬರೆಹವಾಗಲು ಹೊರಡದೆ ವಿದ್ವಾಂಸರ ಉಪಕರಣವಾಗಿ ನಿಂತದ್ದೇ ಅದಕ್ಕೆ ಕಾರಣವಿರಬೇಕು.

ಕನ್ನಡವು ಆಡಿದಂತೆ ಬರೆಯುವ, ಬರೆದಂತೆ ಓದುವ ಭಾಷೆ ಎಂದು ಶಾಲೆಯಲ್ಲಿ ಕಲಿತು ಬಂದ ನಮಗೆ ಈ ಹೆಣಗಾಟ ವಿಚಿತ್ರವಾಗಿ ತೋರಬಹುದು. ಇದು ಅರ್ಧಸತ್ಯ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ'ವೇ ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಸಾವಿರ ನಾಲಗೆಯ ವಾಸುಕಿಯೂ ಅವುಗಳ ದೋಷಗಳನ್ನು ಅರಿಯಲಾರದೆ ಬೇಸರಗೊಳ್ಳುತ್ತಾನೆಂದು ಹೇಳಿದೆ. ಬರೆಹವು ಅಂದೂ ಒಂದು, ಮಾತು ಹಲವು. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಡುತ್ತಾನೆ. ಬಾಯಲ್ಲಿ ಜೀವಂತವಾಗಿರುವ ಧ್ವನಿಗೆ ಪಟ್ಟಿ ಬೇಕಾಗುವುದಿಲ್ಲ, ಕಿವಿಯೇ ಸಾಕು. 'ಮುಳುಗು' ಎಂಬ ಅರ್ಥದ 'ಆೞ್', 'ಪಾಲಿಸು' ಎಂಬ ಅರ್ಥದ 'ಆಳ್' ಆಡುವವರ ನಾಲಗೆಯಲ್ಲಿ ಒಂದಾಗಿ ಹೋಗಿದ್ದುವೆಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಕ್ರಮೇಣ ೞಕಾರವೂ ಅದರ ಹಿಂದೆಯೇ ಱಕಾರವೂ ಬರೆಹದಿಂದ ಜಾರಿಹೋದುವು. ಅದಕ್ಕಾಗಿ ಯಾವ ಸಮಿತಿಯೂ ಕೂಡಲಿಲ್ಲ.

ಪಕಾರವು ಹಕಾರವಾದ ಬಗೆಯೂ ಅಂಥದೇ. ಹತ್ತನೆಯ ಶತಮಾನದ ಆಸುಪಾಸಿನಿಂದ ಶಾಸನಗಳಲ್ಲಿ ತಲೆದೋರುವ ಈ ಬದಲಾವಣೆಯಿಂದ ಕೆಲವು ಶತಮಾನಗಳಲ್ಲಿ 'ಪಾಲ್' 'ಹಾಲು' ಆಯಿತು, 'ಪಳ್ಳಿ' 'ಹಳ್ಳಿ' ಆಯಿತು, ಬರೆಹವೂ ಅದನ್ನು ಒಪ್ಪಿಕೊಂಡಿತು. ಅದೇ ಧ್ವನಿ ಇನ್ನೊಂದು ಹೆಜ್ಜೆ ಸವೆದು ಹಳೆಯ ಮೈಸೂರಿನ ಹಳ್ಳಿಗಳಲ್ಲಿ 'ಆಲು', 'ಅಳ್ಳಿ' ಆಗಿದೆ. ಮೊದಲ ಹೆಜ್ಜೆಯನ್ನು ನಾವು ಭಾಷಾ ವಿಕಾಸವೆಂದು ಪಠ್ಯಪುಸ್ತಕದಲ್ಲಿ ಬೋಧಿಸುತ್ತೇವೆ. ಎರಡನೆಯ ಹೆಜ್ಜೆಗೆ ಉಕ್ತಲೇಖನದಲ್ಲಿ ಕೆಂಪು ಗೆರೆ ಎಳೆಯುತ್ತೇವೆ. ಆ ಕೆಂಪು ಗೆರೆ ಬೀಳುವುದು ಎಂಥ ಮನೆಗಳಿಂದ ಬಂದ ಮಕ್ಕಳ ಪುಸ್ತಕಗಳಲ್ಲಿ ಎಂಬುದನ್ನು ವಿವರಿಸಬೇಕಾಗಿಲ್ಲ.

ಬಿ. ಎಲ್. ರೈಸ್ ಅವರು ಹಿಂದಿನ ಕಡೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಕನ್ನಡ ಶಾಸನಗಳನ್ನು ತಿರುವಿದವರಿಗೆಲ್ಲ 'ಶಕವರ್ಷ' ಎಂದಿರಬೇಕಾದಲ್ಲಿ 'ಸಕವರ್ಷ' ಎಂಬ ರೂಪ ಪರಿಚಿತವೇ. ಕಂಡರಿಸಿದವನ ಅಜ್ಞಾನವೆಂದು ಒಂದು ಕಾಲಕ್ಕೆ ತಳ್ಳಿಹಾಕಬಹುದಾಗಿದ್ದ ಇಂಥ ರೂಪಗಳೇ ಕನ್ನಡದ ಧ್ವನಿಚರಿತ್ರೆಯನ್ನು ಕಟ್ಟುವವರಿಗೆ ಮುಖ್ಯ ಆಧಾರಗಳಾದುವು. ಲಿಪಿಕಾರನು ಎಲ್ಲ ಕಡೆ ಸರಿಯಾಗಿ ಬರೆದಿದ್ದರೆ ಅವನ ಕಾಲದ ನಾಲಗೆ ನಮಗೆ ಕೇಳಿಸುತ್ತಲೇ ಇರಲಿಲ್ಲ. 'ಸಿವ್ನಿ' ಎನ್ನುವ ಹಿರಿಯರಿಗೆ ಹೀಗೆ ಕಲ್ಲಿನ ಬೆಂಬಲವಿದೆ.

ಆಧುನಿಕ ಕಾಲದಲ್ಲಿ ಈ ಚರ್ಚೆಯನ್ನು ಧೈರ್ಯದಿಂದ ಮುನ್ನೆಲೆಗೆ ತಂದವರು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' (2000), 'ಕನ್ನಡ ಬರಹವನ್ನು ಸರಿಪಡಿಸೋಣ!' (2005) ಮೊದಲಾದ ಕೃತಿಗಳಲ್ಲಿ ಅವರು ಮಹಾಪ್ರಾಣಗಳು, ಋಕಾರ, ಷಕಾರ, ವಿಸರ್ಗ ಮುಂತಾದುವು ಬಹುಪಾಲು ಕನ್ನಡಿಗರ ಮಾತಿನಲ್ಲಿ ಇಲ್ಲವೆಂದೂ ಆದ್ದರಿಂದ ಬರೆಹದಲ್ಲಿಯೂ ಬೇಕಾಗಿಲ್ಲವೆಂದೂ ವಾದಿಸಿದರಲ್ಲದೆ ಹಾಗೆಯೇ ಬರೆದು ತೋರಿಸಿದರು. ಹಳೆಯ ಸಾಹಿತ್ಯದೊಡನೆ ನಂಟು ಕಡಿದುಹೋಗುತ್ತದೆ, ಸಂಸ್ಕೃತ ಪದಗಳ ಅರ್ಥಭೇದ ಅಳಿಸಿಹೋಗುತ್ತದೆ ಎಂಬ ಆಕ್ಷೇಪಗಳು ಬಂದುವು. ೞಕಾರವನ್ನು ಕಳೆದುಕೊಂಡೂ ನಾವು ಪಂಪನನ್ನು ಓದುತ್ತಿರುವುದರಿಂದ ಮೊದಲನೆಯ ಆಕ್ಷೇಪ ನನಗೆ ಬಲವಾದುದೆನಿಸುವುದಿಲ್ಲ. ನನ್ನ ತೊಡಕು ಬೇರೆಯದು. 'ಜನರ ಮಾತಿನಲ್ಲಿ ಇಲ್ಲ' ಎಂಬುದೇ ಅಳತೆಗೋಲಾದರೆ ಶಿವನಿಯ ಸುತ್ತಿನಲ್ಲಿ ಹಕಾರವನ್ನೂ ಶಕಾರವನ್ನೂ ಬಿಡಬೇಕಾಗುತ್ತದೆ. ಅದೇ ರೈಲಿನಲ್ಲಿ ಕುಳಿತು ಹುಬ್ಬಳ್ಳಿಯ ಕಡೆಗೆ ಹೋದರೆ ಹಕಾರ ಗಟ್ಟಿಯಾಗಿಯೇ ಇರುತ್ತದೆ, ಆದರೆ 'ಮನೆ' 'ಮನಿ' ಆಗಿರುತ್ತದೆ. ಎಲ್ಲರಿಗೂ ಒಂದೇ ಬರೆಹ ಇರಬೇಕೆಂಬುದು ಭಟ್ಟರ ನಿಲುವೂ ಹೌದು; ಅವರು ಬಿಡಲು ಹೇಳಿದ್ದು ಎಲ್ಲ ಪ್ರದೇಶಗಳಿಗೂ ಹೊರೆಯಾಗಿವೆಯೆಂದು ತಾವು ಕಂಡ ಅಕ್ಷರಗಳನ್ನು ಮಾತ್ರ. ಅಲ್ಲಿಗೆ ಪ್ರಾದೇಶಿಕ ಮಾತಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಅದನ್ನು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲದವನು ಜಾನಪದ ಸಂಗ್ರಾಹಕ. 1931ರ 'ಗರತಿಯ ಹಾಡು' ಸಂಕಲನದಿಂದ ಮೊದಲುಗೊಂಡು ಪಿ. ಕೆ. ರಾಜಶೇಖರ ಅವರು 1973ರಲ್ಲಿ ಹೊರತಂದ 'ಮಲೆಯ ಮಾದೇಶ್ವರ' ಕಾವ್ಯದವರೆಗೆ, ಅಲ್ಲಿಂದ ಇಂದಿನವರೆಗೆ, ಪ್ರತಿಯೊಬ್ಬ ಸಂಪಾದಕನೂ ಎಷ್ಟು ತಿದ್ದಬೇಕು, ಎಷ್ಟು ಬಿಡಬೇಕು ಎಂಬುದನ್ನು ತಾನೇ ತೀರ್ಮಾನಿಸಿಕೊಳ್ಳಬೇಕಾಗಿದೆ. ಗೋಪಾಲ ನಾಯ್ಕರು ಹಾಡಿದ 15,683 ಸಾಲುಗಳ ತುಳು 'ಸಿರಿ' ಕಾವ್ಯವನ್ನು ಲೌರಿ ಹಾಂಕೊ ಅವರ ತಂಡ 1998ರಲ್ಲಿ ಪ್ರಕಟಿಸಿದಾಗ ವಿಶೇಷ ಚಿಹ್ನೆಗಳುಳ್ಳ ರೋಮನ್ ಲಿಪಿಯನ್ನು ಬಳಸಿತು. ವಿದ್ವತ್ತಿನ ದೃಷ್ಟಿಯಿಂದ ಅದು ಮಾದರಿ ಕಾರ್ಯ. ಆದರೆ ಅಂಥ ಲಿಪಿಯಲ್ಲಿ ಬರೆದುದನ್ನು ಹಾಡಿದವರ ಮನೆಯವರು ಓದುವಂತಿಲ್ಲ.

ನನ್ನ ಸಂಶೋಧನೆಯ ದಿನಗಳಲ್ಲಿ ಶಿವನಿಯ ಸುತ್ತಲಿನ ಹಳ್ಳಿಗಳಲ್ಲಿ ಬೀಸುವ ಪದ, ಸೋಬಾನೆ ಪದಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡು ರಾತ್ರಿ ಕುಳಿತು ಬರೆದುಕೊಳ್ಳುತ್ತಿದ್ದೆ. ಒಬ್ಬ ಹಿರಿಯ ತಾಯಿ ಹಾಡಿದ ಪದದಲ್ಲಿ 'ಅಕ್ಕಿ' ಎಂಬ ಮಾತು ಎರಡು ಕಡೆ ಬಂದಿತ್ತು. ಸಂದರ್ಭ ನೋಡಿ ಒಂದು ಕಡೆ 'ಹಕ್ಕಿ' ಎಂದೂ ಇನ್ನೊಂದು ಕಡೆ 'ಅಕ್ಕಿ' ಎಂದೂ ಬರೆದೆ. ಮರುದಿನ ಓದಿ ಹೇಳಿದಾಗ ಆಕೆ ನಕ್ಕುಬಿಟ್ಟರು. "ಮೊರದಾಗೆ ಕುಂತಿದ್ದೂ ಅಕ್ಕೀನೆ, ಆರೋಗಿದ್ದೂ ಅಕ್ಕೀನೆ ಕಣಪ್ಪ. ನೀನು ಬ್ಯಾರೆ ಮಾಡ್ಬುಟ್ರೆ ಒಗಟೇ ಓಯ್ತಲ್ಲ" ಎಂದರು. ಹಾಡಿನ ಚಮತ್ಕಾರ ನಿಂತಿದ್ದುದೇ ಹಕಾರದ ಲೋಪದ ಮೇಲೆ. ನನ್ನ ಶುದ್ಧ ಕಾಗುಣಿತ ಒಗಟನ್ನು ಬಿಡಿಸಿ ಕೊಂದಿತ್ತು. ಇನ್ನೂ ಕೆಲವು ತ್ರಿಪದಿಗಳಲ್ಲಿ 'ಕೆಲ್ಸ'ವನ್ನು 'ಕೆಲಸ' ಮಾಡಿ ಧಾಟಿಯನ್ನು ಕೆಡಿಸಿದ್ದೆ.

ಇದರಿಂದ ಪಾಠ ಕಲಿತವನಂತೆ ಎಲ್ಲವನ್ನೂ ಕೇಳಿಸಿದ ಹಾಗೆಯೇ ಬರೆಯತೊಡಗಿದೆ: 'ಯೆಲ್ಲಿ', 'ವೊಂದು', 'ಮಾಡ್ತೀನಿ', 'ಬ್ಯಾಡ'. ಕೆಲವು ಪದಗಳು ಹಾಗೆ ಅಚ್ಚಾದುವು. ಆ ಪ್ರತಿಯನ್ನು ಕೊಡಲು ಹೋದಾಗ ಆ ತಾಯಿಯ ಮಗ, ಹತ್ತನೆಯ ತರಗತಿಯವರೆಗೆ ಓದಿ ಬೇಸಾಯದಲ್ಲಿದ್ದವರು, ಎರಡು ಪುಟ ಓದಿ ಪುಸ್ತಕವನ್ನು ಜಗುಲಿಯ ಮೇಲಿಟ್ಟರು. "ಮೇಷ್ಟ್ರೆ, ನಮ್ಮವ್ವುನ್ ಮಾತು ಹಿಂಗೆ ಬರ್ದಿದ್ದೀರಲ್ಲ, ಮುಂದೆ ನೀವು ಬರೆದಿರೋ ಮಾತು ಮಾತ್ರ ಚೆಂದಾಗೈತೆ. ನೀವು ಮನೇಲಿ 'ಮಾಡುತ್ತೇನೆ' ಅಂತ ಅಂತೀರಾ?" ಎಂದು ಕೇಳಿದರು. ನಾನು ಉತ್ತರಿಸಲಿಲ್ಲ.

ಉತ್ತರ ಹುಡುಕುತ್ತ ಹೋದಾಗ ಕಂಡ ಸಂಗತಿ ಇದು. ಪದದ ಮೊದಲಲ್ಲಿ ಬರುವ ಎಕಾರಕ್ಕೆ ತುಸು ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಸೇರಿಸಿ ಉಚ್ಚರಿಸುವುದು ಹಳ್ಳಿಯ ಹಾಡುಗಾರ್ತಿಯ ಲಕ್ಷಣವಲ್ಲ. ವಿಶ್ವವಿದ್ಯಾಲಯದ ವೇದಿಕೆಯ ಮೇಲೆ ಭಾಷಣ ಮಾಡುವವರೂ 'ಯೆಲ್ಲಿ' ಎಂದೇ ಹೇಳುತ್ತಾರೆ. 'ಮಾಡ್ತೀನಿ', 'ಕೆಲ್ಸ' ಎನ್ನದ ವಿದ್ಯಾವಂತನನ್ನು ನಾನು ನೋಡಿಲ್ಲ. ಇಬ್ಬರೂ ಒಂದೇ ರೀತಿ ಆಡುವ ಮಾತನ್ನು ಒಬ್ಬರ ಬಾಯಲ್ಲಿ 'ಎಲ್ಲಿ' ಎಂದೂ ಇನ್ನೊಬ್ಬರ ಬಾಯಲ್ಲಿ 'ಯೆಲ್ಲಿ' ಎಂದೂ ಬರೆದಾಗ ಅಲ್ಲಿ ದಾಖಲಾಗುವುದು ಉಚ್ಚಾರಣೆಯಲ್ಲ, ಬರೆಯುವವನ ಮನಸ್ಸಿನಲ್ಲಿರುವ ಅಂತಸ್ತಿನ ಭೇದ. ನಮ್ಮ ಎಷ್ಟೋ ಸಂಕಲನಗಳಲ್ಲಿ, ನನ್ನದನ್ನೂ ಸೇರಿಸಿ, 'ಗ್ರಾಮ್ಯ'ವೆಂದು ತೋರುವುದರಲ್ಲಿ ಒಂದು ಪಾಲು ಈ ಬಗೆಯದು.

ಇನ್ನು 'ಬ್ಯಾಡ' ಎಂಬಲ್ಲಿ ಭೇದ ನಿಜವಾದುದು, ಆದರೆ ಲಿಪಿ ಸೋಲುತ್ತದೆ. ಮುಂದಿನ ಅಕ್ಷರದಲ್ಲಿ ಅಕಾರವಿದ್ದಾಗ ಏಕಾರವು ಬಾಯಗಲಿಸಿ ಉಚ್ಚಾರವಾಗುತ್ತದೆ. ಇಂಗ್ಲಿಷಿನ 'ಬ್ಯಾಟ್' ಎಂಬ ಮಾತಿನಲ್ಲಿರುವ ಸ್ವರಕ್ಕೆ ಅದು ಹತ್ತಿರ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲದ ಕಾರಣ ಯಕಾರದ ಒತ್ತನ್ನು ಎರವಲು ಪಡೆದಿದ್ದೇವೆ. ಆ ಮಾತನ್ನು ಬಲ್ಲವರಿಗೆ ತೊಂದರೆಯಿಲ್ಲ. ಕರಾವಳಿಯ ವಿದ್ಯಾರ್ಥಿಯೊಬ್ಬ ನನ್ನೆದುರು ಅದನ್ನು ಓದಿದಾಗ ಬಕಾರ, ಯಕಾರ, ಆಕಾರ ಮೂರೂ ಬಿಡಿಬಿಡಿಯಾಗಿ ಕೇಳಿಸಿದುವು. ಯು. ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಕನ್ನಡವನ್ನು ಭಾಷಾವಿಜ್ಞಾನದ ಚಿಹ್ನೆಗಳಲ್ಲಿ ವರ್ಣಿಸಿದ ಗ್ರಂಥ 1968ರಲ್ಲಿ ಪ್ರಕಟವಾಯಿತು. ಅದನ್ನು ಓದಿದವರು ಬೆರಳೆಣಿಕೆಯಷ್ಟು. ಅದೇ ಸೀಮೆಯ ಮಾತನ್ನು ದೇವನೂರ ಮಹಾದೇವ ಅವರು ನಮ್ಮ ಸಾಮಾನ್ಯ ಅಕ್ಷರಗಳಲ್ಲಿಯೇ 'ಕುಸುಮಬಾಲೆ'ಯಲ್ಲಿ (1984) ಬರೆದರು. ಕಷ್ಟಪಟ್ಟಾದರೂ ನಾಡೆಲ್ಲ ಓದಿತು. ಅಲ್ಲಿ ನಿರೂಪಕನ ಮಾತೂ ಪಾತ್ರಗಳ ಮಾತಿನಿಂದ ದೂರ ನಿಲ್ಲುವುದಿಲ್ಲ ಎಂಬುದು ನನ್ನ ಮಟ್ಟಿಗೆ ಮುಖ್ಯ. ಜಗುಲಿಯ ಮೇಲೆ ಕೇಳಿದ ಪ್ರಶ್ನೆ ಆ ಪುಸ್ತಕಕ್ಕೆ ತಾಕುವುದಿಲ್ಲ.

ಸಂಗ್ರಹವನ್ನು ಮತ್ತೆ ಸಿದ್ಧಪಡಿಸುವಾಗ ಎಲ್ಲರ ಬಾಯಲ್ಲೂ ಒಂದೇ ಆಗಿರುವುದನ್ನು ಎಲ್ಲರೂ ಬರೆಯುವಂತೆಯೇ ಬರೆದೆ. ಧಾಟಿಗೆ ಬೇಕಾದ ಕಡೆ ಮಾತ್ರ 'ಕೆಲ್ಸ' ಉಳಿಯಿತು. ಹಕಾರದ ಲೋಪ, 'ಸಿವ', 'ಬ್ಯಾಡ' ಇವು ಹಾಡಿದಂತೆಯೇ ಇವೆ. ಅವುಗಳನ್ನು ಹೇಗೆ ಓದಬೇಕೆಂಬ ಅರ್ಧ ಪುಟದ ಸೂಚನೆ ಮೊದಲಿಗಿದೆ. ಆ ತಾಯಿಯ ಪದವನ್ನು ಎರಡೂ ಕಡೆ 'ಅಕ್ಕಿ' ಎಂದೇ ಬರೆದೆ. ಉಳಿದದ್ದು ಹಾಡಿದವರ ಹೆಸರು. ಪಡಿತರ ಚೀಟಿಯಲ್ಲಿ ಅದು ಹಕಾರದಿಂದ ಆರಂಭವಾಗುತ್ತದೆ. ಆಕೆ ತಮ್ಮ ಹೆಸರನ್ನು ಹೇಳಿಕೊಳ್ಳುತ್ತಿದ್ದುದು ಹಕಾರವಿಲ್ಲದೆ. ಅಷ್ಟು ಹೊತ್ತಿಗೆ ಆಕೆ ಇರಲಿಲ್ಲವಾದ್ದರಿಂದ ಮಗನನ್ನೇ ಕೇಳಿದೆ. ಕರಡಚ್ಚನ್ನು ಈ ಸಲ ಪೂರ್ತಿ ಓದಿದ ಅವರು, ಪದಗಳನ್ನು ಅವ್ವ ಹಾಡಿದ ಹಾಗೇ ಇಡಿ, ಹೆಸರನ್ನು ಚೀಟಿಯಲ್ಲಿದ್ದಂತೆ ಬರೆಯಿರಿ ಎಂದರು. ಹಾಗೆಯೇ ಅಚ್ಚಾಗಿದೆ.