ತಂತಿ ಕಟ್ಟಿದವನು, ಯಂತ್ರ ಇಟ್ಟವಳು

ರಾತ್ರಿ ಊಟ ಮುಗಿಸಿ ಐದು ಜನ ಆಟಕ್ಕೆ ಸೇರಿದರೆ, ಮೊದಲ ಗುಂಡು ಹಾರೋದಕ್ಕೆ ಮುಂಚೆನೇ ಒಂದು ಜಗಳ ಇರುತ್ತೆ. "ಸೈಫರ್ ತಗೊಳ್ಲಾ, ಕಿಲ್‌ಜಾಯ್ ತಗೊಳ್ಲಾ?" ಅಂತ ಒಬ್ಬ ಕೇಳ್ತಾನೆ. ಉಳಿದ ನಾಲ್ವರಿಂದ ನಾಲ್ಕು ಉತ್ತರ ಬರುತ್ತೆ. ವ್ಯಾಲೊರೆಂಟ್ ಆಡುವವರಿಗೆಲ್ಲ ಈ ಜಗಳ ಗೊತ್ತು. ಆದರೆ ಇದಕ್ಕೊಂದು ಇತಿಹಾಸ ಇದೆ ಅನ್ನೋದನ್ನ ನಾವು ಮರೆತುಬಿಡ್ತೀವಿ. 2020ರಲ್ಲಿ ಸರಿಯಿದ್ದ ಉತ್ತರ 2022ರಲ್ಲಿ ಸರಿಯಿರಲಿಲ್ಲ, 2023ರಲ್ಲಿ ಮತ್ತೆ ಬದಲಾಯ್ತು. ಆ ಕಥೆಯನ್ನ ಒಮ್ಮೆ ಸಾಲಾಗಿ ಹೇಳೋಣ ಅಂತ ಈ ಬರಹ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಐದು ಜನರ ಎರಡು ತಂಡ. ಒಂದು ತಂಡ ದಾಳಿ ಮಾಡುತ್ತೆ, ಇನ್ನೊಂದು ಕಾಯುತ್ತೆ. 12 ಸುತ್ತು ಆದಮೇಲೆ ಪಾತ್ರ ಅದಲುಬದಲು. ಮೊದಲು 13 ಸುತ್ತು ಗೆದ್ದವರದ್ದು ಪಂದ್ಯ. ದಾಳಿಯವರು ಸ್ಪೈಕ್ ಅನ್ನೋ ಬಾಂಬನ್ನ ನಿಗದಿಯಾದ ಜಾಗದಲ್ಲಿ, ಅಂದ್ರೆ ಸೈಟಿನಲ್ಲಿ, ಇಡಬೇಕು. ಅದಕ್ಕೆ ಅವರಿಗಿರೋದು 100 ಸೆಕೆಂಡು. ಇಟ್ಟಮೇಲೆ 45 ಸೆಕೆಂಡಿಗೆ ಅದು ಸಿಡಿಯುತ್ತೆ. ಕಾಯುವವರು ಅಷ್ಟರೊಳಗೆ ಬಂದು 7 ಸೆಕೆಂಡು ಕೂತು ಅದನ್ನ ನಿಷ್ಕ್ರಿಯ ಮಾಡಬೇಕು.

ಈಗ ಕಾಯುವವರ ಕಷ್ಟ ಯೋಚನೆ ಮಾಡಿ. ಇರೋದು ಐದೇ ಜನ. ಕಾಯಬೇಕಾದ ಸೈಟುಗಳು ಎರಡು, ಕೆಲವು ನಕ್ಷೆಗಳಲ್ಲಿ ಮೂರು. ಶತ್ರು ಐವರೂ ಒಂದೇ ಕಡೆ ನುಗ್ಗಬಹುದು. ಎಲ್ಲಿ ನುಗ್ತಾರೆ ಅನ್ನೋದು ನುಗ್ಗೋವರೆಗೆ ಗೊತ್ತಾಗಲ್ಲ. ಎಲ್ಲಾ ಕಡೆ ಸಮನಾಗಿ ನಿಂತ್ರೆ ಎಲ್ಲಾ ಕಡೆನೂ ದುರ್ಬಲ.

ಊರಲ್ಲಿ ಬೆಳೆದವರಿಗೆ ಈ ಕಷ್ಟ ಹೊಸದಲ್ಲ. ಜೋಳ ತೆನೆ ಕಟ್ಟೋ ಹೊತ್ತಿಗೆ ಕಾಡುಹಂದಿ ಬರುತ್ತೆ. ಹೊಲ ನಾಲ್ಕು ಎಕರೆ, ಕಾಯೋನು ಒಬ್ಬ. ಅದಕ್ಕೆ ನಮ್ಮ ಕಡೆ ಮಾಡೋದು ಎರಡು ಕೆಲಸ. ಬದುವಿನ ಉದ್ದಕ್ಕೂ ದಾರ ಎಳೆದು ಖಾಲಿ ಡಬ್ಬ ಕಟ್ತಾರೆ. ಹಂದಿ ಮುಟ್ಟಿದ್ರೆ ಸದ್ದಾಗುತ್ತೆ, ಮಲಗಿದ್ದೋನು ಎದ್ದು ಓಡ್ತಾನೆ. ಎರಡನೇದು ಬೆದರುಬೊಂಬೆ. ಅದು ಯಾರನ್ನೂ ಎಬ್ಬಿಸಲ್ಲ, ತಾನೇ ನಿಂತು ತಡೆಯೋಕೆ ನೋಡುತ್ತೆ. ಸೈಫರ್ ಮತ್ತು ಕಿಲ್‌ಜಾಯ್ ನಡುವಿನ ವ್ಯತ್ಯಾಸದ ಬೇರು ಇಲ್ಲೇ ಇದೆ. ಒಬ್ಬ ಸುದ್ದಿ ಕೊಡ್ತಾನೆ, ಇನ್ನೊಬ್ಬಳು ತಡೀತಾಳೆ.

ಲಾಸ್ ಏಂಜಲೀಸಿನ ರಯಟ್ ಗೇಮ್ಸ್ ಕಂಪನಿ 2019ರ ಅಕ್ಟೋಬರಿನಲ್ಲಿ ಪ್ರಾಜೆಕ್ಟ್ ಎ ಅನ್ನೋ ಹೆಸರಲ್ಲಿ ಈ ಆಟವನ್ನ ಮೊದಲು ತೋರಿಸಿತು. 2020ರ ಏಪ್ರಿಲ್ 7ಕ್ಕೆ ಪರೀಕ್ಷಾ ಆವೃತ್ತಿ ಬಂತು. ಜೂನ್ 2ಕ್ಕೆ ಎಲ್ಲರಿಗೂ ಬಿಡುಗಡೆ. ಅದರ ಎಲುಬು ಕೌಂಟರ್-ಸ್ಟ್ರೈಕ್‌ನದ್ದು: ಹಣ ಕೂಡಿಸಿ ಬಂದೂಕು ಕೊಳ್ಳೋದು, ಬಾಂಬ್ ಇಡೋದು, ಸತ್ತರೆ ಆ ಸುತ್ತು ಮುಗಿಯೋವರೆಗೆ ಸುಮ್ಮನೆ ಕೂರೋದು. ಕೌಂಟರ್-ಸ್ಟ್ರೈಕ್‌ನಲ್ಲಿ ಕಾವಲು ಅಂದ್ರೆ ಕಣ್ಣು, ಕಿವಿ, ಸಹಚರರ ಮಾತು, ಅಷ್ಟೇ. ಮನುಷ್ಯ ನಿಂತಿಲ್ಲದ ಜಾಗದಲ್ಲಿ ಕಾವಲೂ ಇಲ್ಲ. ವ್ಯಾಲೊರೆಂಟ್ ಬದಲಾಯಿಸಿದ್ದು ಇದನ್ನೇ. ಇಲ್ಲಿ ಕಾವಲುಗಾರ ತನ್ನ ಕಾವಲನ್ನ ಒಂದು ಕಡೆ ಇಟ್ಟು ಬೇರೆ ಕಡೆ ಹೋಗಬಹುದು. ಇಂಥ ಪಾತ್ರಗಳಿಗೆ ಸೆಂಟಿನಲ್ ಅಂತ ಹೆಸರಿಟ್ಟರು.

ಸೈಫರ್ ಮೊದಲ ದಿನದಿಂದ ಇದ್ದವನು. ಮೊರಾಕೊ ದೇಶದವನು, ಮುಖ ತೋರಿಸದವನು, ಮಾಹಿತಿ ಮಾರೋದೇ ಕಸುಬು. ಅವನ ಹತ್ರ ಎರಡು ತಂತಿ. ದೂರದಿಂದ ಕಾಣಲ್ಲ, ದಾಟಿದವನನ್ನ ಹಿಡಿದುಹಾಕಿ ಎಲ್ಲಿದ್ದಾನೆ ಅಂತ ತೋರಿಸುತ್ತೆ. ಬೇಗ ಒಡೆಯದಿದ್ರೆ ತಲೆ ಗಿರ್ರ್ ಅನ್ನಿಸುತ್ತೆ. ಗೋಡೆಗೆ ಅಂಟಿಸೋ ಒಂದು ಕ್ಯಾಮೆರಾ. ಕಣ್ಣಿಗೆ ಅಡ್ಡ ಬರೋ ಎರಡು ಸೈಬರ್ ಕೇಜ್. ಕೊನೆಗೆ, ಸತ್ತ ಶತ್ರುವಿನ ತಲೆಯಿಂದ ಉಳಿದವರು ಎಲ್ಲಿದ್ದಾರೆ ಅಂತ ಕದಿಯೋ ವಿದ್ಯೆ. ಗಮನಿಸಿ, ಇವನ ಯಾವ ಸಾಧನವೂ ಕೊಲ್ಲಲ್ಲ. ಎಲ್ಲವೂ ಹೇಳುತ್ತೆ ಇಲ್ಲಾ ಮುಚ್ಚುತ್ತೆ. ಕೊಲ್ಲೋ ಕೆಲಸ ಬಂದೂಕಿಂದೇ ಆಗಬೇಕು.

2020ರ ಆಗಸ್ಟ್ 4ಕ್ಕೆ ಕಿಲ್‌ಜಾಯ್ ಬಂದಳು. ಜರ್ಮನಿಯ ಹುಡುಗಿ, ಯಂತ್ರ ಕಟ್ಟೋದ್ರಲ್ಲಿ ಮೇಧಾವಿ, ಹಳದಿ ಜಾಕೆಟ್ಟು. ಇವಳ ಟರೆಟ್ ತಾನೇ ಗುಂಡು ಹೊಡೆಯುತ್ತೆ. ಅಲಾರ್ಮ್‌ಬಾಟ್ ಹತ್ತಿರ ಬಂದವರ ಮೇಲೆ ಓಡಿಹೋಗಿ ಸಿಡಿದು, ಆಮೇಲೆ ಬೀಳೋ ಪ್ರತಿ ಗುಂಡಿನ ಏಟು ಎರಡರಷ್ಟಾಗೋ ಹಾಗೆ ಮಾಡುತ್ತೆ. ನೆಲದಲ್ಲಿ ಅಡಗಿಸಿಟ್ಟ ನ್ಯಾನೊಸ್ವಾರ್ಮ್ ಬೇಕಾದಾಗ ಬಿಚ್ಚಿದ್ರೆ ಅಲ್ಲಿ ನಿಂತವರು ಸುಟ್ಟುಹೋಗ್ತಾರೆ. ಕೊನೆಯ ಅಸ್ತ್ರ ಒಂದಿಡೀ ಸೈಟನ್ನೇ ಸ್ತಬ್ಧಗೊಳಿಸುತ್ತೆ. ಅದರ ಹೆಸರು ಲಾಕ್‌ಡೌನ್. 2020ರ ಆಗಸ್ಟಿನಲ್ಲಿ, ಮನೆಯಲ್ಲೇ ಕೂತು ಕೆಲಸ ಮಾಡ್ತಿದ್ದ ನಮಗೆಲ್ಲ ಆ ಹೆಸರು ವಿವರಿಸಬೇಕಾಗಿರಲಿಲ್ಲ.

ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಸೈಫರ್ ಅಂದ್ರೆ ಮಾನಿಟರಿಂಗ್. ಸರ್ವರ್ ಬಿದ್ರೆ ರಾತ್ರಿ ಎರಡಕ್ಕೆ ಫೋನ್ ಬರುತ್ತೆ, ಎದ್ದು ಸರಿಮಾಡೋದು ನೀವೇ. ಕಿಲ್‌ಜಾಯ್ ಅಂದ್ರೆ ತಾನೇ ರೀಸ್ಟಾರ್ಟ್ ಆಗೋ ಸ್ಕ್ರಿಪ್ಟ್. ನೀವು ಮಲಗಿದ್ರೂ ಅದು ಏನೋ ಒಂದು ಮಾಡುತ್ತೆ, ಆದರೆ ಬರೆದಷ್ಟನ್ನೇ ಮಾಡುತ್ತೆ. ಎರಡರಲ್ಲಿ ಯಾವುದು ಒಳ್ಳೇದು ಅಂತ ಯಾರಾದ್ರೂ ಕೇಳಿದ್ರೆ, ಅನುಭವ ಇರೋ ಯಾವ ಎಂಜಿನಿಯರೂ ನೇರ ಉತ್ತರ ಕೊಡಲ್ಲ. "ಯಾವ ಸಿಸ್ಟಮ್‌ಗೆ?" ಅಂತ ತಿರುಗಿ ಕೇಳ್ತಾನೆ.

ಇಬ್ಬರ ಇತಿಹಾಸದಲ್ಲಿ ದೊಡ್ಡ ತಿರುವು ಬಂದದ್ದು 2020ರ ಅಕ್ಟೋಬರ್ ಕೊನೆಯಲ್ಲಿ, 1.11 ಅನ್ನೋ ಪ್ಯಾಚ್‌ನಿಂದ. ಅಲ್ಲೀವರೆಗೆ ಸೈಫರ್ ಸತ್ತರೂ ಅವನ ತಂತಿ ಬದುಕಿರ್ತಿತ್ತು. ಕಾವಲುಗಾರನನ್ನ ಕೊಂದ ಮೇಲೂ ಕಾವಲು ಮುಗೀತಿರಲಿಲ್ಲ. ಹೊಸ ನಿಯಮದ ಪ್ರಕಾರ ಅವನು ಸತ್ತ ತಕ್ಷಣ ತಂತಿ, ಕ್ಯಾಮೆರಾ ಎರಡೂ ನಿಷ್ಕ್ರಿಯ, ಜೊತೆಗೆ ಎಲ್ಲಿದ್ದವು ಅಂತಾನೂ ಶತ್ರುವಿಗೆ ಕಾಣುತ್ತೆ. ಅದೇ ಪ್ಯಾಚ್ ಕಿಲ್‌ಜಾಯ್‌ಗೂ ಒಂದು ಹಗ್ಗ ಕಟ್ಟಿತು. ಅವಳು 40 ಮೀಟರಿಗಿಂತ ದೂರ ಹೋದ್ರೆ ಟರೆಟ್ಟೂ ಅಲಾರ್ಮ್‌ಬಾಟೂ ನಿದ್ದೆ ಹೋಗುತ್ತೆ. ವಾಪಸ್ ಹತ್ತಿರ ಬಂದ್ರೆ ಏಳುತ್ತೆ.

ಈ ಎರಡು ಸಾಲಿನ ಬದಲಾವಣೆ ಇಬ್ಬರ ಸ್ವಭಾವವನ್ನೇ ಬರೆದುಬಿಟ್ಟಿತು. ಸೈಫರ್ ಎಲ್ಲಿಗೆ ಬೇಕಾದ್ರೂ ಹೋಗಬಹುದು, ಆದರೆ ಸಾಯೋ ಹಾಗಿಲ್ಲ. ಕಿಲ್‌ಜಾಯ್‌ಗೆ ಸಾಯದಿರೋದರ ಜೊತೆಗೆ ಇನ್ನೊಂದು ಷರತ್ತು, ಮನೆ ಬಿಟ್ಟು ದೂರ ಹೋಗೋ ಹಾಗಿಲ್ಲ.

ಇಬ್ಬರೂ ಎದುರುಬದುರು ತಂಡದಲ್ಲಿದ್ದಾಗ ಏನಾಗುತ್ತೆ ನೋಡಿ. ಕಿಲ್‌ಜಾಯ್ ಕಾಯ್ತಿದ್ದಾಳೆ, ಸೈಫರ್ ದಾಳಿಯಲ್ಲಿದ್ದಾನೆ ಅಂತಿಟ್ಟುಕೊಳ್ಳಿ. ಸೈಫರ್ ತನ್ನ ತಂತಿಯನ್ನ ಹಿಂದಿನ ದಾರಿಗೆ ಕಟ್ಟಿ ತಂಡದ ಜೊತೆ ಮುಂದೆ ನಡೀತಾನೆ. ನಕ್ಷೆಯ ಈ ತುದಿಯಲ್ಲಿದ್ರೂ ಆ ತುದಿಯ ತಂತಿ ಅವನಿಗೆ ಸುದ್ದಿ ಕೊಡುತ್ತೆ. ಬೆನ್ನಿಗೆ ಯಾರೂ ಬರಲ್ಲ ಅನ್ನೋ ಧೈರ್ಯದಲ್ಲಿ ಐವರೂ ಮುಂದೆ ನೋಡಬಹುದು. ಆದರೆ ಸೈಟಿಗೆ ಕಾಲಿಟ್ಟಾಗ ಅವನ ಕಷ್ಟ ಶುರು. ಟರೆಟ್ ಗುಂಡು ಹಾರಿಸಿ ಬಂದ ಸುದ್ದಿ ಹೇಳುತ್ತೆ, ಬಾಟ್ ಸಿಡಿಯುತ್ತೆ, ಕಾಲಡಿಯಲ್ಲಿ ನ್ಯಾನೊಸ್ವಾರ್ಮ್ ಬಿಚ್ಚಿಕೊಳ್ಳುತ್ತೆ. ಇದನ್ನ ದೂರದಿಂದ ಒಡೆಯೋ ಆಯುಧ ಸೈಫರ್ ಹತ್ರ ಇಲ್ಲ. ಸೋವಾನ ಬಾಣವೋ ರೇಜ್‌ಳ ಸ್ಫೋಟಕವೋ ಬೇಕು.

ಈಗ ತಿರುಗಿಸಿ. ಸೈಫರ್ ಕಾಯ್ತಿದ್ದಾನೆ, ಕಿಲ್‌ಜಾಯ್ ದಾಳಿಯಲ್ಲಿದ್ದಾಳೆ. ತಂತಿ ಅವಳ ತಂಡವನ್ನ ನಿಧಾನ ಮಾಡುತ್ತೆ. ಅವಳ ಹಿಂದಿನ ದಾರಿ ಕಾಯೋಕೆ ಇಟ್ಟ ಬಾಟ್ 40 ಮೀಟರ್ ದಾಟಿದ್ರೆ ಸುಮ್ಮನಾಗುತ್ತೆ. ಹಾಗಾಗಿ ಬೆನ್ನು ಕಾಯೋ ಕೆಲಸದಲ್ಲಿ ಅವಳು ಸೈಫರ್‌ಗೆ ಸಮ ಅಲ್ಲ. ಆದರೆ ಲಾಕ್‌ಡೌನ್ ಸಿದ್ಧವಿದ್ದ ಸುತ್ತಿನಲ್ಲಿ ಲೆಕ್ಕ ಬದಲು. ಅದು ಕೆಲಸ ಶುರುಮಾಡೋಕೆ 13 ಸೆಕೆಂಡು ಬೇಕು. ಅಷ್ಟರಲ್ಲಿ ಸೈಫರ್ ಅದನ್ನ ಒಡೀಬೇಕು ಇಲ್ಲಾ ಸೈಟು ಬಿಟ್ಟು ಓಡಬೇಕು. ಓಡಿದ್ರೆ ತಂತಿ ಅಲ್ಲೇ ಇರುತ್ತೆ, ತಂತಿಗೆ ಸಿಕ್ಕವನನ್ನ ಹೊಡೆಯೋಕೆ ಯಾರೂ ಇರಲ್ಲ. ಸ್ಪೈಕ್ ಇಟ್ಟಮೇಲಂತೂ ಅವಳದೇ ರಾಜ್ಯ. ಅದರ ಮೇಲೆ ಎರಡು ನ್ಯಾನೊಸ್ವಾರ್ಮ್ ಅಡಗಿಸಿ ದೂರ ಕೂತ್ರೆ, ಆ 7 ಸೆಕೆಂಡು ಕೂರೋ ಧೈರ್ಯ ಯಾರಿಗೂ ಬರಲ್ಲ.

ಜೊತೆಗೆ ನಕ್ಷೆಯ ಲೆಕ್ಕ ಬೇರೆ. ಒಳಗೆ ಬರೋಕೆ ಕೆಲವೇ ಇಕ್ಕಟ್ಟಾದ ದಾರಿ ಇದ್ರೆ ಎರಡು ತಂತಿ ಸಾಕು, ಅಲ್ಲಿ ಸೈಫರ್. 2023ರ ಆಗಸ್ಟಿನಲ್ಲಿ ಬಂದ ಸನ್‌ಸೆಟ್ ಅವನ ಮನೆ ಅನ್ನಿಸಿಕೊಂಡಿತು. ಅಸೆಂಟ್‌ನಲ್ಲಿ ಹಾಗಲ್ಲ. ಇಟಲಿಯ ವೆನಿಸ್ ಗಾಳಿಯಲ್ಲಿ ತೇಲಿದಂತಿರೋ ಆ ನಕ್ಷೆಯಲ್ಲಿ ಸೈಟಿನ ಮೇಲೆ ಟರೆಟ್, ಬಾಟ್ ಇಟ್ಟು ಒಬ್ಬಳೇ ಹಿಡಿದಿಡಬಹುದು, ವರ್ಷಗಟ್ಟಲೆ ಅಲ್ಲಿ ಕಿಲ್‌ಜಾಯ್‌ದೇ ಮಾತು. ನಮ್ಮ ಪಶ್ಚಿಮ ಘಟ್ಟದಲ್ಲಿ ಇದೆ ಅಂತ ಕಲ್ಪಿಸಿ ಮಾಡಿದ ಲೋಟಸ್ 2023ರ ಜನವರಿಯಲ್ಲಿ ಬಂತು. ಅಲ್ಲಿ ಮೂರು ಸೈಟು. ಕಾಯುವವರು ಇನ್ನೂ ತೆಳ್ಳಗೆ ಹರಡಬೇಕು, ಒಬ್ಬರೇ ಒಂದು ಸೈಟು ಹಿಡಿಯೋದು ಅನಿವಾರ್ಯ.

ದೊಡ್ಡ ಪಂದ್ಯಗಳಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕಾಣುತ್ತೆ. 2021ರ ಮೇ ತಿಂಗಳಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಮೊದಲ ಅಂತಾರಾಷ್ಟ್ರೀಯ ಮಾಸ್ಟರ್ಸ್ ನಡೀತು. ಗೆದ್ದ ತಂಡದ ಹೆಸರೇ ಸೆಂಟಿನಲ್ಸ್. ಅವರ ಕಾವಲುಗಾರ ಡ್ಯಾಪರ್ ಸೈಫರ್‌ಗೆ ಹೆಸರಾದವನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬರ್ಲಿನ್‌ನಲ್ಲಿ ಗ್ಯಾಂಬಿಟ್ ಗೆದ್ದಿತು. ಅದರ ನ್ಯಾಟ್ಸ್ ತಂಡದಿಂದ ದೂರ ಒಬ್ಬನೇ ತಾಳ್ಮೆಯಿಂದ ಕಾದು ಆಡೋ ಶೈಲಿಗೆ ಮಾದರಿಯಾದ.

2021ರ ನವೆಂಬರಿನಲ್ಲಿ ಮೂರನೆಯವನು ಬಂದ: ಫ್ರಾನ್ಸಿನ ಚೇಂಬರ್. ಹೆಸರಿಗೆ ಸೆಂಟಿನಲ್, ಕೆಲಸ ಬೇಟೆಗಾರನದ್ದು. ಮುಂದೆ ಬಂದು ಒಬ್ಬನನ್ನ ಹೊಡೆದು ಚಿಟಿಕೆ ಹೊಡೆಯೋದ್ರೊಳಗೆ ಹಿಂದಕ್ಕೆ ಮಾಯ. 2022ರ ಬಹುಪಾಲು ಅವನದ್ದೇ ಆಯ್ತು, ಹಳೇ ಇಬ್ಬರೂ ಬೆಂಚಿಗೆ ಬಿದ್ದರು. ನನಗೆ ಇಲ್ಲಿ ಆಸಕ್ತಿ ಹುಟ್ಟಿಸೋದು ಒಂದೇ: ಸೈಫರ್, ಕಿಲ್‌ಜಾಯ್ ಇಬ್ಬರೂ ಆ ವರ್ಷ ಕೆಟ್ಟವರಾಗಿರಲಿಲ್ಲ. ಅವರ ತಂತಿ, ಯಂತ್ರ ಹಾಗೇ ಇತ್ತು. ಪಕ್ಕದಲ್ಲಿ ಇನ್ನೂ ಲಾಭದವನು ಬಂದಿದ್ದ, ಅಷ್ಟೇ. ಆಫೀಸಿನಲ್ಲೂ ಎಷ್ಟೋ ಸಲ ಇದೇ ಆಗೋದು.

2022ರ ಕೊನೆಯಲ್ಲಿ ರಯಟ್ ಮತ್ತೆ ಕೈಹಾಕಿತು. ಸೈಫರ್‌ನ ತಂತಿಯ ಉದ್ದ ಒಂದೂವರೆ ಪಟ್ಟು ಆಯ್ತು, ಮಾಹಿತಿ ಕದಿಯೋ ವಿದ್ಯೆ ಶತ್ರುಗಳನ್ನ ಎರಡು ಸಲ ತೋರಿಸೋ ಹಾಗಾಯ್ತು. ಡಿಸೆಂಬರಿನಲ್ಲಿ ಚೇಂಬರ್‌ನ ರೆಕ್ಕೆ ಕತ್ತರಿಸಿದರು. ಮುಂದಿನ ವರ್ಷ ಶುರುವಾಗುತ್ತಲೇ ಕಿಲ್‌ಜಾಯ್ ಎದ್ದಳು. 2023ರ ಮಾರ್ಚಿನಲ್ಲಿ ಸಾವೊ ಪೌಲೊದಲ್ಲಿ ಫ್ನಾಟಿಕ್ ತಂಡ ಬ್ರೆಜಿಲ್‌ನ ಲೌಡ್ ತಂಡವನ್ನ ಅವರ ಜನರೆದುರೇ 3-2ರಲ್ಲಿ ಸೋಲಿಸಿತು. ಆಮೇಲೆ ಜೂನ್‌ನಲ್ಲಿ ಟೋಕಿಯೊವನ್ನೂ ಗೆದ್ದಿತು. ಆ ತಂಡದ ಅಲ್ಫಜರ್ ಆಡಿದ ಕಿಲ್‌ಜಾಯ್ ನೋಡಿದವರಿಗೆ, ಯಂತ್ರ ಇಟ್ಟು ಸುಮ್ಮನೆ ಕೂರೋ ಪಾತ್ರ ಇದು ಅನ್ನೋ ಮಾತು ಸುಳ್ಳು ಅಂತ ಗೊತ್ತಾಯ್ತು. ಅದೇ ಜೂನ್‌ನಲ್ಲಿ ನಾರ್ವೆಯ ಡೆಡ್‌ಲಾಕ್ ಬಂದಳು, 2024ರ ಆಗಸ್ಟಿನಲ್ಲಿ ವೈಸ್. ಅಷ್ಟರಲ್ಲಿ ಸನ್‌ಸೆಟ್ ಬಂದು ಸೈಫರ್‌ಗೂ ದಾರಿಯಾಗಿತ್ತು.

ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣ ಇದೆ. "ಸೈಫರ್ ವೇಸ್ಟ್ ಗುರು" ಅನ್ನೋ ತೀರ್ಪು ಯಾವುದೋ ಪ್ಯಾಚ್‌ನಲ್ಲಿ, ಯಾವುದೋ ನಕ್ಷೆಯಲ್ಲಿ ನಿಜವಾಗಿತ್ತು. ಆ ತಾರೀಕು ಕಳಚಿಹೋಗಿ ತೀರ್ಪು ಮಾತ್ರ ಉಳಿದುಬಿಡುತ್ತೆ. ಎರಡು ವರ್ಷ ಹಳೇ ತೀರ್ಪನ್ನ ಇವತ್ತಿನ ಹುಡುಗನ ಮೇಲೆ ಹೇರ್ತೀವಿ. ಮನುಷ್ಯರ ಬಗ್ಗೆನೂ ನಾವು ಇಟ್ಟುಕೊಂಡಿರೋ ಎಷ್ಟೋ ಅಭಿಪ್ರಾಯಗಳ ವರ್ಷನ್ ನಂಬರ್ ನಮಗೇ ನೆನಪಿರಲ್ಲ.

ಇನ್ನೊಂದು ವಿಷಯ ಅಂಕಪಟ್ಟಿಯದ್ದು. ಪಂದ್ಯ ಮುಗಿದ ಮೇಲೆ ಎಷ್ಟು ಕೊಂದ, ಎಷ್ಟು ಸಲ ಸತ್ತ, ಎಷ್ಟು ಸಲ ನೆರವಾದ ಅಂತ ತೋರಿಸ್ತಾರೆ. ತಂತಿ ಇದೆ ಅನ್ನೋ ಭಯಕ್ಕೇ ಆ ದಾರಿಗೆ ಬರದೇ ಹೋದ ಶತ್ರುವಿನ ಲೆಕ್ಕ ಎಲ್ಲೂ ಇಲ್ಲ. ಹಂದಿ ಬರದ ರಾತ್ರಿಗೆ ಕಾವಲಿನವನಿಗೆ ಯಾರೂ ಶಹಭಾಸ್ ಹೇಳಲ್ಲ, ಬಂದ ರಾತ್ರಿ ಮಾತ್ರ ಬೈತಾರೆ. ತಂಡದ ಕೊನೇ ಸಾಲಿನಲ್ಲಿ ಏಳು ಕೊಲೆ ಇಟ್ಟುಕೊಂಡು ಕೂತಿರೋ ಸೆಂಟಿನಲ್‌ನ ಬಯ್ಯೋ ಮುಂಚೆ, ಅವನ ಸೈಟಿಗೆ ಎಷ್ಟು ಸುತ್ತು ಶತ್ರು ಬಂದೇ ಇಲ್ಲ ಅಂತ ಒಮ್ಮೆ ಎಣಿಸಿ.

ಹಾಗಾದ್ರೆ ಯಾರನ್ನ ತಗೊಳ್ಳೋದು? ನನ್ನ ಉತ್ತರ ಇಷ್ಟು. ಸುದ್ದಿ ಕೊಟ್ಟ ತಕ್ಷಣ ಓಡಿಬರೋ ನಾಲ್ಕು ಜನ ಇದ್ರೆ ಸೈಫರ್ ತಗೊಳ್ಳಿ. ಕೂಗಿದ್ರೂ ಯಾರೂ ಬರಲ್ಲ ಅನ್ನೋ ತಂಡ ಸಿಕ್ಕಿದ್ರೆ ಕಿಲ್‌ಜಾಯ್ ತಗೊಂಡು ನಿಮ್ಮ ಸೈಟು ನೀವೇ ನೋಡ್ಕೊಳ್ಳಿ. ಡಬ್ಬದ ಸದ್ದಿಗೆ ಏಳೋರು ಇದ್ರೆ ಮಾತ್ರ ಡಬ್ಬ ಕಟ್ಟಿದ್ದಕ್ಕೆ ಅರ್ಥ.