ಜಾರ್ಜಿಯಾ–ರಷ್ಯಾ ಯುದ್ಧ (2008): ತಪ್ಪು ಯಾರದು, ನೆಲ ಯಾರದು?

ಯುದ್ಧದ ಸುದ್ದಿ ಓದುವಾಗ ನಾವೆಲ್ಲ ಮೊದಲು ಕೇಳುವುದು, ಗುಂಡು ಹಾರಿಸಲು ತೊಡಗಿದವರು ಯಾರು ಎಂದು. ಆಮೇಲೆ, ಆ ನೆಲ ನ್ಯಾಯವಾಗಿ ಯಾರದು ಎಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದರೆ ಎರಡನೆಯದೂ ಇತ್ಯರ್ಥವಾಯಿತು ಎಂದು ಭಾವಿಸಿಬಿಡುತ್ತೇವೆ. 2008ರ ಆಗಸ್ಟಿನಲ್ಲಿ ಐದು ದಿನ ನಡೆದ ಜಾರ್ಜಿಯಾ–ರಷ್ಯಾ ಯುದ್ಧವನ್ನು ನೋಡಿದರೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳು ಎಂಬುದು ತಿಳಿಯುತ್ತದೆ.

ಜಾರ್ಜಿಯಾ ಕಪ್ಪು ಸಮುದ್ರದ ಪೂರ್ವ ದಡದಲ್ಲಿರುವ ಸಣ್ಣ ದೇಶ. ಪ್ರಜೆಗಳಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಕ್ರೈಸ್ತರು. (ನಮ್ಮ ಕರಾವಳಿಗೆ ಅದು ತೀರಾ ಅಪರಿಚಿತವೇನಲ್ಲ. 1624ರಲ್ಲಿ ಪರ್ಷಿಯಾದಲ್ಲಿ ರಕ್ತಸಾಕ್ಷಿಯಾದ ಜಾರ್ಜಿಯಾದ ರಾಣಿ ಕೆಟೆವಾನರ ಪವಿತ್ರ ಅವಶೇಷ ಹಳೆ ಗೋವಾದ ಅಗಸ್ಟೀನಿಯನ್ ಮಠದ ಅವಶೇಷಗಳ ನಡುವೆ ಪತ್ತೆಯಾಯಿತು. ಅದರ ಒಂದು ಭಾಗವನ್ನು ಭಾರತ ಸರಕಾರ 2021ರಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಿತು.) ಆ ದೇಶದ ಉತ್ತರ ಭಾಗದಲ್ಲಿ, ರಷ್ಯಾದ ಗಡಿಗೆ ತಾಗಿಕೊಂಡು ದಕ್ಷಿಣ ಒಸ್ಸೆಟಿಯಾ ಇದೆ. ಜಗಳ ಅದರ ಕುರಿತಾದದ್ದು.

ಒಸ್ಸೆಟಿಯನ್ನರ ಭಾಷೆ ಬೇರೆ, ಅದು ಇರಾನಿ ಭಾಷಾ ಕುಟುಂಬಕ್ಕೆ ಸೇರಿದ್ದು. ಪರ್ವತದಾಚೆ ರಷ್ಯಾದೊಳಗಿರುವ ಉತ್ತರ ಒಸ್ಸೆಟಿಯಾದವರೂ ತಾವೂ ಒಂದೇ ಜನ ಎಂಬುದು ಅವರ ವಾದ. ಅದು ನಮ್ಮ ಹಳೆಯ ನಾಡು, ಒಸ್ಸೆಟಿಯನ್ನರು ಆಮೇಲೆ ಪರ್ವತ ದಾಟಿ ಬಂದು ನೆಲೆಸಿದವರು ಎಂಬುದು ಜಾರ್ಜಿಯನ್ನರ ವಾದ. ಸೋವಿಯತ್ ಸರಕಾರ 1922ರಲ್ಲಿ ಇದನ್ನು ಜಾರ್ಜಿಯಾದೊಳಗಿನ ಸ್ವಾಯತ್ತ ಪ್ರದೇಶವನ್ನಾಗಿ ಮಾಡಿತ್ತು. 1990ರಲ್ಲಿ ಒಸ್ಸೆಟಿಯನ್ನರು ತಮ್ಮದು ಪ್ರತ್ಯೇಕ ಗಣರಾಜ್ಯವೆಂದು ಘೋಷಿಸಿದರು, ಜಾರ್ಜಿಯಾ ಆ ಸ್ವಾಯತ್ತತೆಯನ್ನೇ ರದ್ದು ಮಾಡಿತು. ಬಳಿಕ ನಡೆದ ಯುದ್ಧ 1992ರ ಜೂನ್ ಒಪ್ಪಂದದಿಂದ ನಿಂತಿತು. ರಷ್ಯನ್, ಜಾರ್ಜಿಯನ್, ಒಸ್ಸೆಟಿಯನ್ ಸೈನಿಕರ ಜಂಟಿ ಶಾಂತಿಪಾಲನಾ ಪಡೆ ಅಲ್ಲಿ ನೆಲೆಯೂರಿತು. ಜಗಳದಲ್ಲಿ ಒಂದು ಕಡೆಯ ಬೆಂಬಲಕ್ಕೆ ನಿಂತವರನ್ನೇ ಶಾಂತಿ ಕಾಯಲು ನೇಮಿಸಿದರೆ ಏನಾಗಬೇಕೋ ಅದು ಹದಿನಾರು ವರ್ಷಗಳ ನಂತರ ಆಯಿತು. ನಡುವೆ ರಷ್ಯಾ ಅಲ್ಲಿನವರಿಗೆ ತನ್ನ ಪಾಸ್‌ಪೋರ್ಟುಗಳನ್ನೂ ಹಂಚಿತ್ತು.

2008ರ ಆಗಸ್ಟ್ 7ರ ನಡುರಾತ್ರಿಯ ಸುಮಾರಿಗೆ ಜಾರ್ಜಿಯಾದ ಸೇನೆ ದಕ್ಷಿಣ ಒಸ್ಸೆಟಿಯಾದ ಮುಖ್ಯ ಪಟ್ಟಣ ತ್ಸ್ಖಿನ್ವಾಲಿಯ ಮೇಲೆ ಫಿರಂಗಿ ದಾಳಿ ಆರಂಭಿಸಿತು. ರಷ್ಯಾದ ಸೇನೆ ಅದಾಗಲೇ ರೋಕಿ ಸುರಂಗದ ಮೂಲಕ ಒಳನುಗ್ಗುತ್ತಿತ್ತು, ತಾವು ತಡೆಯಲೇಬೇಕಾಯಿತು ಎಂದು ಜಾರ್ಜಿಯಾದ ಆಗಿನ ಅಧ್ಯಕ್ಷ ಸಾಕಾಶ್ವಿಲಿ ಹೇಳಿದರು. ತನ್ನ ಪ್ರಜೆಗಳನ್ನೂ ಶಾಂತಿಪಾಲಕರನ್ನೂ ರಕ್ಷಿಸಲು ಬಂದೆ ಎಂದು ರಷ್ಯಾ ಹೇಳಿತು. ಆಗಸ್ಟ್ 12ರಂದು ಫ್ರಾನ್ಸಿನ ಅಧ್ಯಕ್ಷ ಸಾರ್ಕೋಜಿಯವರ ಮಧ್ಯಸ್ಥಿಕೆಯಲ್ಲಿ ಕದನ ವಿರಾಮವಾಯಿತು. ಅಷ್ಟರಲ್ಲಿ ಗೋರಿ ಪಟ್ಟಣದ ಮೇಲೆ ಬಾಂಬುಗಳು ಬಿದ್ದಿದ್ದವು. ಆಗಸ್ಟ್ 26ರಂದು ರಷ್ಯಾ ದಕ್ಷಿಣ ಒಸ್ಸೆಟಿಯಾವನ್ನೂ ಅಬ್ಖಾಜಿಯಾವನ್ನೂ ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿತು. ಬೆರಳೆಣಿಕೆಯ ದೇಶಗಳು ಮಾತ್ರ ಅದನ್ನು ಅನುಸರಿಸಿದವು, ಭಾರತ ಅವುಗಳಲ್ಲಿ ಇಲ್ಲ.

ಯುರೋಪಿಯನ್ ಒಕ್ಕೂಟ ನೇಮಿಸಿದ, ಸ್ವಿಟ್ಜರ್‌ಲೆಂಡಿನ ರಾಜತಾಂತ್ರಿಕಿ ಹೈಡಿ ತಾಲ್ಯಾವಿನಿ ನೇತೃತ್ವದ ಸಮಿತಿ 2009ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ತ್ಸ್ಖಿನ್ವಾಲಿಯ ಮೇಲಿನ ಜಾರ್ಜಿಯಾದ ದಾಳಿಯಿಂದ ಬಹಿರಂಗ ಯುದ್ಧ ಆರಂಭವಾಯಿತು, ಅಂತಾರಾಷ್ಟ್ರೀಯ ಕಾನೂನಿನಂತೆ ಅದಕ್ಕೆ ಸಮರ್ಥನೆಯಿಲ್ಲ ಎಂದು ವರದಿ ಹೇಳಿತು. ಆದರೆ ಆ ದಾಳಿ ವರ್ಷಗಟ್ಟಲೆಯ ಕೆಣಕುವಿಕೆಯ ಕೊನೆಯ ಘಟ್ಟ ಎಂದೂ, ರಷ್ಯಾದ ಪ್ರತಿದಾಳಿ ಆತ್ಮರಕ್ಷಣೆಯ ಮಿತಿಯನ್ನು ಬಹಳ ದೂರ ಮೀರಿತು ಎಂದೂ, ಪ್ರತ್ಯೇಕ ದೇಶಗಳೆಂಬ ಮಾನ್ಯತೆ ಕಾನೂನಿಗೆ ವಿರುದ್ಧ ಎಂದೂ ಅದೇ ವರದಿಯಲ್ಲಿದೆ. ಎರಡೂ ಸರಕಾರಗಳು ತಮಗೆ ಬೇಕಾದ ಪುಟಗಳನ್ನು ಹಿಡಿದುಕೊಂಡು, ವರದಿ ತಮ್ಮ ಪರವಾಗಿದೆ ಎಂದವು.

ಸತ್ತವರ ಲೆಕ್ಕದಲ್ಲೂ ಇದೇ ಕಥೆ. ತ್ಸ್ಖಿನ್ವಾಲಿಯಲ್ಲಿ 2,000 ನಾಗರಿಕರು ಸತ್ತರು ಎಂದು ರಷ್ಯಾ ಮೊದಲ ದಿನಗಳಲ್ಲಿ ಹೇಳಿತು. ಅದರದೇ ತನಿಖಾಧಿಕಾರಿಗಳು ಕೊನೆಗೆ ಲೆಕ್ಕ ಹಾಕಿದ್ದು 162. ಎಲ್ಲ ಕಡೆಯವರನ್ನು ಸೇರಿಸಿ ಸುಮಾರು 850 ಜನ ಸತ್ತರು, ಒಂದು ಲಕ್ಷಕ್ಕಿಂತ ಹೆಚ್ಚು ಮಂದಿ ಮನೆ ಬಿಟ್ಟು ಓಡಿದರು ಎನ್ನುತ್ತದೆ ಯುರೋಪಿನ ವರದಿ. ಆದರೆ 2,000 ಎಂಬ ಮಾತು ಹಬ್ಬಿದ ನಂತರ ಜಾರ್ಜಿಯನ್ನರ ಊರುಗಳಿಗೆ ಬೆಂಕಿ ಬಿತ್ತು ಎಂಬುದನ್ನು ನಾವು ಮರೆಯಬಾರದು. ಕದನ ವಿರಾಮದ ನಂತರ ನಡೆದ ಈ ಸುಡುವಿಕೆಗೆ, ಕೊಲೆಗಳಿಗೆ, ಜನರನ್ನು ಮರಳಿ ಬರಲು ಬಿಡದಿದ್ದುದಕ್ಕೆ ರಷ್ಯಾ ಹೊಣೆ ಎಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2021ರ ಜನವರಿಯಲ್ಲಿ ತೀರ್ಪಿತ್ತಿತು.

ಧರ್ಮಸಭೆಗಳ ನಿಲುವು ನಮ್ಮ ಓದುಗರು ಗಮನಿಸತಕ್ಕದ್ದು. ಆಗಸ್ಟ್ 10ರಂದು ಪೋಪ್ 16ನೇ ಬೆನೆಡಿಕ್ಟರು ಎರಡೂ ಕಡೆಯವರ ಸಮಾನ ಕ್ರೈಸ್ತ ಪರಂಪರೆಯನ್ನು ನೆನಪಿಸಿ ಹಿಂಸೆ ನಿಲ್ಲಿಸುವಂತೆ ಕೇಳಿಕೊಂಡರು, ತಪ್ಪು ಯಾರದೆಂದು ಹೇಳಲಿಲ್ಲ. ಜಾರ್ಜಿಯಾದ ಪೇತ್ರಿಯಾರ್ಕ್ 2ನೇ ಇಲಿಯಾ ರಷ್ಯನ್ ಸೇನೆಯ ಹಿಡಿತದಲ್ಲಿದ್ದ ಗೋರಿಗೆ ಆಹಾರ ಹೊತ್ತು ಹೋದರು. ಇನ್ನೂ ಕುತೂಹಲದ ಸಂಗತಿ, ಮಾಸ್ಕೋ ಸರಕಾರ ಈ ಎರಡು ಪ್ರದೇಶಗಳನ್ನು ಬೇರೆ ದೇಶ ಎಂದರೂ ರಷ್ಯನ್ ಆರ್ಥೊಡಾಕ್ಸ್ ಧರ್ಮಸಭೆ ಅವನ್ನು ಜಾರ್ಜಿಯಾದ ಧರ್ಮಸಭೆಯ ವ್ಯಾಪ್ತಿಗೆ ಸೇರಿದವೆಂದೇ ಪರಿಗಣಿಸಿತು.

2024ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಆಡಳಿತ ಪಕ್ಷದ ಸ್ಥಾಪಕ ಇವಾನಿಶ್ವಿಲಿ ಗೋರಿಯಲ್ಲಿ ಮಾತನಾಡಿ, ಯುದ್ಧಕ್ಕೆ ಸಾಕಾಶ್ವಿಲಿ ಸರಕಾರವನ್ನು ದೂಷಿಸಿ, ಒಸ್ಸೆಟಿಯನ್ನರ ಕ್ಷಮೆ ಕೇಳುವ ಮಾತೆತ್ತಿದರು. ಸತ್ತವರಿಗೆ ಮಾಡಿದ ಅವಮಾನ ಎಂದು ವಿರೋಧಿಗಳು ಸಿಟ್ಟಾದರು. ತಪ್ಪೊಪ್ಪಿಕೊಂಡರೆ ನೆಲದ ಹಕ್ಕು ಬಿಟ್ಟಂತಾಗುತ್ತದೆ ಎಂಬ ಭಯ ಆ ಸಿಟ್ಟಿನೊಳಗಿದೆ ಎಂದು ನಮಗೆ ಅನಿಸುತ್ತದೆ.

ಅಖಾಲ್ಗೋರಿ ಎಂಬ ಪ್ರದೇಶ ಯುದ್ಧದ ತನಕ ಜಾರ್ಜಿಯಾದ ಕೈಯಲ್ಲೇ ಇತ್ತು, ಯುದ್ಧದ ನಂತರ ಕೈತಪ್ಪಿತು. ಅಲ್ಲಿಂದ ಬಂದ ಹಲವರು ತ್ಬಿಲಿಸಿ ಹೆದ್ದಾರಿಯ ಬದಿಯ ತ್ಸೆರೋವಾನಿಯಲ್ಲಿ, ಸಾಲಾಗಿ ಕಟ್ಟಿಸಿಕೊಟ್ಟ ಸುಮಾರು 2,000 ಪುಟ್ಟ ಮನೆಗಳಲ್ಲಿ ಉಳಿದುಕೊಂಡರು. ಊರಿನಲ್ಲೇ ಉಳಿದ ಹಿರಿಯರು ಪಿಂಚಣಿಗೆ, ಔಷಧಕ್ಕೆ ಗಡಿ ದಾಟಿ ಬರುತ್ತಿದ್ದರು. 2019ರ ಸೆಪ್ಟೆಂಬರಿನಲ್ಲಿ ಆ ದಾರಿಯನ್ನು ಮುಚ್ಚಲಾಯಿತು. 2022ರಲ್ಲಿ ಅದನ್ನು ಮತ್ತೆ ತೆರೆದದ್ದು ಪ್ರತಿ ತಿಂಗಳ ಕೊನೆಯ ಕೆಲವು ದಿನಗಳಿಗೆ ಮಾತ್ರ.