ತಿಪ್ಪೆಯಿಂದ ಕಸದ ಗುಡ್ಡದವರೆಗೆ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿ ಮಳೆಯನ್ನೇ ನೆಚ್ಚಿದ ಬೇಸಾಯದ ಸೀಮೆ. ಇಂಥ ಊರುಗಳಲ್ಲಿ ಕೊಳೆಯುವ ಕಸಕ್ಕೆ ಇದ್ದ ಜಾಗ ಒಂದೇ: ತಿಪ್ಪೆ. ದನದ ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಜೋಳದ ದಂಟು, ಕಣದ ಹೊಟ್ಟು, ಅಂಗಳ ಗುಡಿಸಿದ ಕಸ ಎಲ್ಲವೂ ಅಲ್ಲಿಗೇ ಸೇರುತ್ತಿದ್ದವು. ಮುಸುರೆ ಮಾತ್ರ ಅಲ್ಲಿಯವರೆಗೂ ಹೋಗುತ್ತಿರಲಿಲ್ಲ. ಅದು ಎಮ್ಮೆಯ ಪಾಲು. ಮುಂಗಾರಿಗೆ ಮುನ್ನ ತಿಪ್ಪೆ ಕಡಿದು, ಬಂಡಿಗೆ ಹೇರಿ, ಹೊಲದಲ್ಲಿ ಗುಪ್ಪೆ ಗುಪ್ಪೆಯಾಗಿ ಸುರಿದು ಹರವುತ್ತಿದ್ದರು. ತಿಪ್ಪೆ ಮೇಲೆ ಒಣಗಿ ಬಿರುಕುಬಿಟ್ಟಿದ್ದರೂ ಗುದ್ದಲಿ ಇಳಿದಲ್ಲಿ ಕಪ್ಪು ಗೊಬ್ಬರ ಪುಡಿಪುಡಿಯಾಗಿ ಬರುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುವ ವಾಡಿಕೆ ನಾಡಿನ ಹಲವು ಹಳ್ಳಿಗಳಲ್ಲಿದೆ.

ತಿಪ್ಪೆಗೂ ದೋಷಗಳಿದ್ದವು. ನೊಣ ಮುತ್ತುತ್ತಿತ್ತು, ಬಿಸಿಲಿಗೆ, ಮಳೆಗೆ ತೆರೆದಿಟ್ಟ ಗೊಬ್ಬರದ ಸಾರಜನಕ ಬಹಳಷ್ಟು ಪೋಲಾಗುತ್ತಿತ್ತು. ಹಳ್ಳಿಯ ಕಸವಷ್ಟೇ ಅಲ್ಲ, ಪಟ್ಟಣದ ಕಸವನ್ನೂ ಗೊಬ್ಬರವಾಗಿಸುವ ದಾರಿಯೊಂದು ಕರ್ನಾಟಕದಲ್ಲೇ ಸಿಕ್ಕಿತು. 1939ರಲ್ಲಿ ವಿಜ್ಞಾನಿ ಸಿ.ಎನ್. ಆಚಾರ್ಯ ರೂಪಿಸಿದ 'ಬೆಂಗಳೂರು ವಿಧಾನ'ದಲ್ಲಿ ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಕಳಿಯಲು ಬಿಡುತ್ತಿದ್ದರು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಹುಟ್ಟಿತು.

ಇಷ್ಟಾದರೂ ನಗರಗಳು ಹಿಡಿದದ್ದು ಬೇರೆ ದಾರಿ. ಪ್ಲಾಸ್ಟಿಕ್ ಬಂದು ಹಸಿ ಕಸದಲ್ಲಿ ಬೆರೆತ ಮೇಲೆ ಅದನ್ನು ಹೊಲಕ್ಕೆ ಹಾಕಲು ರೈತ ಒಪ್ಪಲಿಲ್ಲ. ಬೆರಕೆ ಕಸ ಲಾರಿ ಏರಿ ಊರಾಚೆಯ ಭೂಭರ್ತಿ ಘಟಕಗಳಿಗೆ, ಅಂದರೆ ಕಸ ಸುರಿದು ತುಂಬುವ ಜಾಗಗಳಿಗೆ, ಹೋಯಿತು.

ಕೊಳೆಯುವ ಕಸ ಅಲ್ಲಿ ನಿರುಪದ್ರವಿಯಾಗಿ ಕರಗಿಹೋಗುತ್ತದೆಂಬುದು ತಪ್ಪು ನಂಬಿಕೆ. ಮೇಲಿನ ಭಾರಕ್ಕೆ ಅದುಮಿದ ರಾಶಿಯೊಳಗೆ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅನ್ನ, ತರಕಾರಿ, ಸೊಪ್ಪನ್ನು ಒಡೆದಾಗ ಹೊರಡುವ ಅನಿಲದಲ್ಲಿ ಸುಮಾರು ಅರ್ಧದಷ್ಟು ಮೀಥೇನ್. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಬೇಸಿಗೆಯಲ್ಲಿ ರಾಶಿಗೆ ಬೆಂಕಿ ಬಿದ್ದರೆ ಆರಿಸುವುದೂ ಕಷ್ಟ. ಕೊಳೆತದ್ದರ ರಸ ಮಳೆನೀರಿನೊಂದಿಗೆ ಕೆಳಗಿಳಿಯುತ್ತದೆ. ಮೊದಮೊದಲು ಆಮ್ಲೀಯವಾಗಿರುವ ಆ ಕರಿ ನೀರು ಬ್ಯಾಟರಿ, ಬಣ್ಣದ ಡಬ್ಬಿಗಳಲ್ಲಿನ ಲೋಹಗಳನ್ನೂ ಕರಗಿಸಿಕೊಂಡು ಅಂತರ್ಜಲ ಸೇರುತ್ತದೆ.

ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನ ಜನ ಇದನ್ನೆಲ್ಲ ಕಂಡುಂಡವರು. ಪ್ರತಿಭಟನೆಯ ನಂತರ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಗೆ ಕಸದ ಲಾರಿಗಳು ನಿಂತವು. ಲಾರಿ ನಿಂತ ಮಾತ್ರಕ್ಕೆ ಒಳಗಿನ ಕೊಳೆತ ನಿಲ್ಲುವುದಿಲ್ಲ. ಮುಚ್ಚಿದ ರಾಶಿಯೂ ದಶಕಗಳ ಕಾಲ ಅನಿಲ ಉಗುಳುತ್ತಿರುತ್ತದೆ.

ಕೊಳೆಯುವ ಕಸವನ್ನು ಭೂಭರ್ತಿಗೆ ಹಾಕಬಾರದೆಂದು ಕೇಂದ್ರದ ನಿಯಮಗಳು 2000ದಲ್ಲೇ ಹೇಳಿದವು. 2016ರ ನಿಯಮಗಳು ಮನೆಯಲ್ಲೇ ಹಸಿ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿದವು. ನಿಯಮ ಏನೇ ಇರಲಿ, ಟ್ರ್ಯಾಕ್ಟರ್ ಬಂದು ದನ ಕಡಿಮೆಯಾದ ಹಳ್ಳಿಗಳಲ್ಲಿ ಈಗ ತಿಪ್ಪೆಗೂ ಪ್ಲಾಸ್ಟಿಕ್ ಸೇರುತ್ತಿದೆ. ಚೋರನೂರಿನಂಥ ಊರುಗಳು ಹಸಿ ಕಸವನ್ನು ಬೇರೆಯಾಗಿಯೇ ಉಳಿಸಿಕೊಂಡರೆ ಅವಕ್ಕೆ ಭೂಭರ್ತಿಯ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.